ಹಲ್ಲಿಗೆ ಸಿಕ್ಕಿದ ಉಗುರು

ಆ ವರ್ಷದ ಕಂಬಳದ ಬಹುಮಾನ ನನ್ನ ಎಡಗಾಲಿನ ಹಿಮ್ಮಡಿಯಲ್ಲಿ ಉಂಟು. ಬೇಕಾದರೆ ಬೆರಳಿಟ್ಟು ನೋಡಿ. ಮುಟ್ಟಲಿಕ್ಕೆ ಆಗುವುದಿಲ್ಲ ಎಂದಾದರೆ ದೂರದಿಂದಲೇ ನೋಡಿ. ನಮ್ಮನ್ನು ಹಾಗೆ ನೋಡಿ ಅಭ್ಯಾಸ ಇದ್ದವರೇ ಹೆಚ್ಚು.

ನಾನು ಅಣ್ಣು. ಕೊರಗ. ಬಳ್ಳಿ ಸೀಳಿ ಬುಟ್ಟಿ ಹೆಣೆಯುವವನು, ಡೋಲು ಬಡಿಯುವವನು. ಅಳದಂಗಡಿಯಿಂದ ನಾರಾವಿಯವರೆಗೆ ಯಾರನ್ನು ಕೇಳಿದರೂ "ಓ, ಆ ಸುಳ್ಳನಾ?" ಎಂದು ನಗುತ್ತಾರೆ. ನೇತ್ರಾವತಿ ಉಕ್ಕಿ ಬಂಟ್ವಾಳ ಪೇಟೆ ಮುಳುಗಿದಾಗ ಮೊಸಳೆಯ ಬೆನ್ನ ಮೇಲೆ ಕೂತು ಅಂಗಡಿ ಅಂಗಡಿಗೆ ಬುಟ್ಟಿ ಮಾರಿದೆ ಎಂದು ಹೇಳಿದವನು ನಾನೇ. ಮೊಸಳೆಗೆ ಬಾಡಿಗೆ ಎಂತ ಕೊಟ್ಟೆ ಎಂದು ಕೇಳಿದರೆ, ಒಬ್ಬ ಅಂಗಡಿಯವನನ್ನು ಕೊಟ್ಟೆ ಎನ್ನುತ್ತೇನೆ. ಜನ ಬಿದ್ದು ಬಿದ್ದು ನಗುತ್ತಾರೆ. ನಕ್ಕು ಮುಗಿದ ಮೇಲೆ ಒಂದು ತುಂಡು ಹೊಗೆಸೊಪ್ಪು ನೆಲಕ್ಕೆ ಬಿಸಾಡುತ್ತಾರೆ. ಕೈಗೆ ಕೊಡುವುದಿಲ್ಲ.

ಈಗ ಹೇಳುವುದಕ್ಕೂ ನಗಿ. ಅಡ್ಡಿಯಿಲ್ಲ. ಇದರಲ್ಲಿ ಸುಳ್ಳು ಎಲ್ಲಿ ಉಂಟು ಎಂದು ಮಾತ್ರ ಹೆಕ್ಕಿ ತೋರಿಸಿ.

ಕಂಬಳದ ಗದ್ದೆಯಲ್ಲಿ ಕೋಣ ಓಡುವುದನ್ನು ನೀವು ನೋಡಿದ್ದೀರಿ. ಕೋಣಕ್ಕಿಂತ ಮೊದಲು ಓಡುವವರನ್ನು ನೋಡಿಲ್ಲ. ಅದು ನಾವು. ಆಗದವರು ಕೆಸರಿನೊಳಗೆ ಗಾಜಿನ ಚೂರು, ಮುಳ್ಳು, ಮೊಳೆ ಹುಗಿದಿಟ್ಟಿರುತ್ತಾರೆ. ಕೋಣದ ಕಾಲಿಗೆ ಅದು ತಾಗಬಾರದು. ಅದಕ್ಕೆ ಮೊದಲು ಕೊರಗರು ಓಡಬೇಕು. ಬದುವಿನ ಮೇಲೆ ನಿಂತವರು ಕೋಲು ತೋರಿಸಿ ಕೂಗುತ್ತಾರೆ. "ಆ ಮೂಲೆ ಬಿಟ್ಟೆಯಲ್ಲ ಮೂಳ! ತುಳಿ, ಸರಿಯಾಗಿ ತುಳಿ!" ನಾವು ತುಳಿಯಬೇಕು. ಹಲ್ಲು ಬಿಟ್ಟುಕೊಂಡು, ಕುಣಿದುಕೊಂಡು ತುಳಿಯಬೇಕು. ಮುಖ ಸಪ್ಪೆ ಮಾಡಿದರೆ ಕೋಣಕ್ಕೆ ಅಪಶಕುನ.

ನನ್ನ ಹಿಮ್ಮಡಿಗೆ ಸಿಕ್ಕಿತು. ಸೋಡಾ ಬಾಟ್ಲಿಯ ಚೂರು. ಎಲುಬಿಗೆ ಹೋಗಿ ನಿಂತಿತು. ಕೆಸರಿನಲ್ಲಿ ರಕ್ತ ಕಾಣುವುದಿಲ್ಲ. ಕೆಸರೇ ಸ್ವಲ್ಪ ಕಪ್ಪಾಗುತ್ತದೆ, ಅಷ್ಟೆ.

ಗುತ್ತಿನ, ಎಂದರೆ ಊರಿನ ದೊಡ್ಡ ಮನೆಯ, ಧರ್ಣಪ್ಪ ಧಣಿ ಬದುವಿನ ಮೇಲೆ ಕೊಡೆ ಹಿಡಿಸಿಕೊಂಡು ನಿಂತಿದ್ದರು. ನಮ್ಮ ಗುಡಿಸಲು ಇದ್ದ ಗುಡ್ಡ ಅವರದ್ದು. ಓಡಬೇಕಾಗಿದ್ದ ಕೋಣವೂ ಅವರದ್ದು. ನಾನು ಕುಂಟಿಕೊಂಡು ಹೋಗಿ ಆ ಚೂರನ್ನು ಎತ್ತಿ ತೋರಿಸಿದೆ.

"ಕೋಣಕ್ಕೆ ತಾಗಲಿಲ್ಲವಲ್ಲ," ಎಂದರು ಧಣಿ. "ದೇವರು ದೊಡ್ಡವನು."

ಕೋಣ ಗೆದ್ದಿತು. ಅದರ ಕಾಲಿಗೆ ಎಣ್ಣೆ ತಿಕ್ಕಿದರು, ಹುರುಳಿ ಬೇಯಿಸಿ ಹಾಕಿದರು. ನನ್ನ ಕಾಲಿಗೆ ನನ್ನ ಹೆಂಡತಿ ಅಮ್ಮಣಿ ಸೊಪ್ಪು ಅರೆದು ಕಟ್ಟಿದಳು.

ಕಾಲು ಬಾತಿತು. ಎಷ್ಟು ಬಾತಿತು ಎಂದರೆ, ಗುತ್ತಿನ ಕೋಣ ಬಂದು ಮರ ಎಂದು ತಿಳಿದು ಅದಕ್ಕೆ ಮೈ ತಿಕ್ಕಿಕೊಂಡು ಹೋಯಿತು. ಇದು ಸುಳ್ಳು. ಮುಂದಿನದ್ದು ಸುಳ್ಳಲ್ಲ. ಹಿಮ್ಮಡಿಯಿಂದ ಒಂದು ಕೆಂಪು ಹೊರಟಿತು. ಕೆಂಡದ ಹಾಗೆ ಬಿಸಿ. ಮೀನಖಂಡ ಹತ್ತಿತು. ಮೊಣಗಂಟು ದಾಟಿತು. ಚರ್ಮ ಬಿಗಿದು ಹೊಳೆಯಿತು. ಅಲ್ಲಲ್ಲಿ ನೀರುಗುಳ್ಳೆ ಎದ್ದು, ಒಡೆದು, ಕೀವು ಸೋರಿತು. ಚಳಿಜ್ವರದಲ್ಲಿ ಹಲ್ಲು ಕಟಕಟ ಎಂದಿತು. ನೊಣ ಕೂತರೆ ಓಡಿಸಲಿಕ್ಕೆ ಕೈ ಏಳಲಿಲ್ಲ.

ಒಣಮೀನಿನ ಗಾಡಿಯ ಮೊಯ್ದೀನ್ ಬ್ಯಾರಿ ಗುಡ್ಡದ ಬುಡದಲ್ಲಿ ಹೋಗುತ್ತಿದ್ದವನು ಅಮ್ಮಣಿಯ ಕೂಗು ಕೇಳಿ ಮೇಲೆ ಬಂದ.

"ಅಣ್ಣು, ಎಂತ ಮಾರಾಯ ಇದು? ಕಾಲಾ, ತಿಮಿಂಗಿಲವಾ?"

"ಗಾಡಿಯಲ್ಲಿ ಜಾಗ ಉಂಟಾ? ಇದ್ದರೆ ಮೀನು ಅಂತಲೇ ಹಾಕು."

"ಮೀನು ಇಷ್ಟು ನಾರುವುದಿಲ್ಲ ಮಾರಾಯ," ಎಂದ ಮೊಯ್ದೀನ್. ಎಂದವನು ನನ್ನ ಕಂಕುಳಿಗೆ ಕೈ ಹಾಕಿ ಎತ್ತಿ ಹೆಗಲಿಗೆ ಹೊತ್ತುಕೊಂಡ. ಹಾಗೆ ನನ್ನನ್ನು ಎತ್ತಿಕೊಂಡವರು ನನ್ನ ಅಪ್ಪ ಬಿಟ್ಟರೆ ಅವನೇ.

ಮೂಡಬಿದ್ರೆಯ ಹೊರಗೆ ಡಾಕ್ಟರ್ ರಮಾನಾಥರದ್ದು ಹೆಂಚಿನ ಒಂದು ಸಣ್ಣ ಆಸ್ಪತ್ರೆ ಇತ್ತು. ಡಾಕ್ಟರ್ ಒಳ್ಳೆಯವರು. ಒಳ್ಳೆಯವರೂ ನನ್ನನ್ನು ಒಳಗೆ ಮಲಗಿಸಲಿಲ್ಲ.

"ವಾರ್ಡಿಗೆ ಹಾಕಿದರೆ ಉಳಿದವರು ಎದ್ದು ಹೋಗ್ತಾರೆ. ನಾನೆಂತ ಮಾಡುವುದು, ನೀನೇ ಹೇಳು," ಎಂದರು. ಹಿತ್ತಿಲಿನ ಕಟ್ಟಿಗೆ ಕೊಟ್ಟಿಗೆಯಲ್ಲಿ ಸೌದೆ ಸರಿಸಿ ಚಾಪೆ ಹಾಕಿಸಿದರು. ಮೂರು ಕಡೆ ಗೋಡೆ. ಒಂದು ಕಡೆ ಬರೀ ಅಂಗಳ.

ಅವರು ನನ್ನ ಕಾಲನ್ನು ಬೆರಳಿನಿಂದ ಒತ್ತಿ ನೋಡಿದರು. ಗಾಯ ಸೀಳಿ ಕೀವು ತೆಗೆದರು. ನಾನು ಕೂಗಿದ ಕೂಗಿಗೆ ಸಾವಿರಕಂಬದ ಬಸದಿಯಲ್ಲಿ ಒಂದು ಕಂಬ ಅಲ್ಲಾಡಿತು. ಹೋಗಿ ಎಣಿಸಿ ನೋಡಿ, ಒಂದು ಕಡಿಮೆ ಉಂಟು. ಆಮೇಲೆ ಡಾಕ್ಟರ್ ನೇರಳೆ ಬಣ್ಣದ ಔಷಧಿಯಲ್ಲಿ ಕಡ್ಡಿ ಅದ್ದಿ, ಕೆಂಪು ಎಲ್ಲಿಯವರೆಗೆ ಹತ್ತಿತ್ತೋ ಅಲ್ಲಿ ನನ್ನ ತೊಡೆಯ ಸುತ್ತ ಒಂದು ಗೆರೆ ಎಳೆದರು.

"ಚರ್ಮದ ಅಡಿಯಲ್ಲಿ ವಿಷ ಹಬ್ಬಿದೆ. ಕೆಂಪು ಈ ಗೆರೆ ದಾಟಿದರೆ ಕಾಲು ತೆಗೆಯಬೇಕು. ಸೊಂಟಕ್ಕೆ ಹತ್ತಿದರೆ ಕಾಲು ತೆಗೆದೂ ಪ್ರಯೋಜನ ಇಲ್ಲ."

ಹುಟ್ಟಿದಂದಿನಿಂದ ನನಗೆ ಗೆರೆ ದಾಟಬೇಡ ಎಂದೇ ಹೇಳಿದ್ದರು. ಬಾವಿಯ ಗೆರೆ, ಅಂಗಳದ ಗೆರೆ, ದಾರಿಯ ಗೆರೆ. ನನಗೋಸ್ಕರ ಬೇರೆ ಯಾರಿಗೋ ಗೆರೆ ಎಳೆದದ್ದು ಅದೇ ಮೊದಲು.

"ಸೊಂಟಕ್ಕೆ ಚುಚ್ಚುವ ಇಂಜೆಕ್ಷನ್ ಇದಕ್ಕೆ ಸಾಲುವುದಿಲ್ಲ," ಎಂದರು ಡಾಕ್ಟರ್. "ಪೆನ್ಸಿಲಿನ್ ನರದ ರಕ್ತಕ್ಕೇ ಹೋಗಬೇಕು. ನಿಧಾನಕ್ಕೆ, ನಿಲ್ಲದೆ."

ಬಿಳಿ ಹುಡಿಯನ್ನು ಕರಗಿಸಿ ದೊಡ್ಡ ಗಾಜಿನ ಬಾಟ್ಲಿಯ ನೀರಿಗೆ ಸೇರಿಸಿದರು. ಬಾಟ್ಲಿಯಿಂದ ಕೆಂಪು ರಬ್ಬರ್ ಕೊಳವೆ. ಕೊಳವೆಯ ತುದಿಗೆ ಸೂಜಿ. ನರ್ಸ್ ಕಾಂತಿ ನನ್ನ ಕೈಯನ್ನು ಒಂದು ಸೌದೆ ಸೀಳಿಗೆ ಬಿಗಿದು ಕಟ್ಟಿ, ನರ ಹುಡುಕಿ ಚುಚ್ಚಿದರು. ಅವರು ಮೂಗು ಮುಚ್ಚಿಕೊಂಡಿದ್ದರು. ಕೀವಿಗೆ. ಜಾತಿಗೆ ಅಲ್ಲ. ನನಗೆ ಆ ಎರಡು ಮೂಗು ಮುಚ್ಚುವಿಕೆಯ ವ್ಯತ್ಯಾಸ ಗೊತ್ತಾಗುತ್ತದೆ.

ಬಾಟ್ಲಿ ತೂಗುವ ಕಬ್ಬಿಣದ ಕಂಬ ವಾರ್ಡಿನದ್ದು. ಹೊರಗೆ ತರುವ ಹಾಗಿಲ್ಲ. ಅಮ್ಮಣಿ ಬೇಲಿಯಿಂದ ಬಳ್ಳಿ ಎಳೆದು ತಂದು, ಬಾಟ್ಲಿಯ ಅಳತೆಗೆ ಒಂದು ಬುಟ್ಟಿ ಹೆಣೆದಳು. ಬಾಟ್ಲಿಯನ್ನು ಅದರೊಳಗೆ ತಲೆಕೆಳಗು ಕೂರಿಸಿ ಮಾಡಿನ ಪಕ್ಕಾಸಿಗೆ ಕಟ್ಟಿದರು.

"ಇದನ್ನು ಕೈಗಿಂತ ಕೆಳಗೆ ಇಳಿಸಬೇಡ ಮಾರಾಯ್ತಿ," ಎಂದರು ನರ್ಸ್. "ಇಳಿಸಿದರೆ ಔಷಧಿ ಹೋಗುವ ಬದಲು ರಕ್ತ ಹಿಂದೆ ಬರ್ತದೆ. ಮತ್ತೆ ಈ ಕೊಳವೆ ಜೋಪಾನ. ಇರುವುದು ಇದೊಂದೇ. ಇನ್ನೊಂದು ಸೀಳಿಹೋಗಿದೆ, ಮಂಗಳೂರಿನಿಂದ ಬರಬೇಕು."

ಟಪ್. ಟಪ್. ಟಪ್. ಬಾಟ್ಲಿಯ ಕೆಳಗಿನ ಗಾಜಿನ ಗುಳ್ಳೆಯಲ್ಲಿ ಹನಿ ಬೀಳುವುದನ್ನು ನೋಡುತ್ತಾ ಮಲಗಿದೆ. ಒಂದು ಬಾಟ್ಲಿ ಮುಗಿದರೆ ಇನ್ನೊಂದು. ವಾರ್ಡಿನ ಕಿಟಕಿ ಕೊಟ್ಟಿಗೆಯ ಕಡೆಗಿತ್ತು. ಒಳಗಿನವರು ಸರಳಿಗೆ ಮುಖ ಒತ್ತಿ ಕೇಳುತ್ತಿದ್ದರು.

"ಅಣ್ಣು, ಒಂದು ಬಿಡು ಮಾರಾಯ. ಹೊತ್ತು ಹೋಗುವುದಿಲ್ಲ."

ನಾನು ಮೊಸಳೆಯದ್ದು ಬಿಟ್ಟೆ. ಹುಲಿಯನ್ನು ಬುಟ್ಟಿಯಲ್ಲಿ ಹಾಕಿ ಮುಚ್ಚಳದ ಮೇಲೆ ಕೂತದ್ದು ಬಿಟ್ಟೆ. ಅವರು ಹೊಟ್ಟೆ ಹಿಡಿದು ನಕ್ಕರು. ಯಾರೂ ಎದ್ದು ಹೋಗಲಿಲ್ಲ. ನನ್ನ ಮಾತು ಒಳಗೆ ಹೋಗಬಹುದಿತ್ತು. ನಾನು ಹೋಗಬಾರದಿತ್ತು.

ಕೆಂಪು ಗೆರೆಯ ಹತ್ತಿರ ಬಂದು ನಿಂತಿತು. ಹಿಂದೆ ಹೋಗಲಿಲ್ಲ. ಮುಂದೆಯೂ ಬರಲಿಲ್ಲ. ಡಾಕ್ಟರ್ ಬಂದಾಗಲೆಲ್ಲ ತೊಡೆ ನೋಡಿ, "ಇನ್ನೂ ಹೇಳಲಿಕ್ಕೆ ಆಗುವುದಿಲ್ಲ," ಎನ್ನುತ್ತಿದ್ದರು.

ಆಗ ರುಕ್ಮಯ್ಯ ಬಂದ. ಗುತ್ತಿನ ಪಾರುಪತ್ಯಗಾರ. ಗುತ್ತಿನ ಕೆಲಸದವರನ್ನು ನೋಡಿಕೊಳ್ಳುವುದು, ಬೈಯುವುದು, ಹೊಡೆಸುವುದು ಎಲ್ಲ ಅವನೇ. ಅಂಗಳದಲ್ಲಿ ನಿಂತು ಒಂದು ಬಾಳೆ ಎಲೆಯ ಕಟ್ಟನ್ನು ನೆಲದಲ್ಲಿಟ್ಟು ಕೋಲಿನಿಂದ ನಮ್ಮ ಕಡೆಗೆ ದೂಡಿದ.

"ಏ ಅಣ್ಣು. ಧಣಿಗಳ ಬೆನ್ನಿಗೆ ಕುರು ಎದ್ದಿದೆ. ಜ್ವರ. ಮಲಗಲಿಕ್ಕೆ ಆಗುವುದಿಲ್ಲ. ಇದನ್ನು ಉಣ್ಣು."

ಅದು ಎಂತದು ಎಂದು ಬಿಚ್ಚಿ ನೋಡಬೇಕಾಗಿರಲಿಲ್ಲ. ದೊಡ್ಡ ಮನೆಯಲ್ಲಿ ಯಾರಿಗಾದರೂ ಸೀಕು ಬಂದರೆ ಅವರ ಕೂದಲು, ಅವರ ಉಗುರು ಕತ್ತರಿಸಿ ಅನ್ನಕ್ಕೆ ಕಲಸಿ ಕೊರಗರಿಗೆ ಕೊಡುತ್ತಾರೆ. ಅವರು ನೋಡುತ್ತಿದ್ದ ಹಾಗೆ ನಾವು ಉಣ್ಣಬೇಕು. ಉಂಡರೆ ಅವರ ರೋಗ ನಮಗೆ ಬರುತ್ತದೆ, ಅವರು ಎದ್ದು ಕೂರುತ್ತಾರೆ. ಅಜಲು ಎನ್ನುತ್ತಾರೆ ಇದಕ್ಕೆ. ನಮ್ಮ ಹಕ್ಕು ಎಂದೂ ಹೇಳುತ್ತಾರೆ.

ನಾನು ಮೊದಲ ಸಲ ಉಂಡದ್ದು ತೀರ ಸಣ್ಣವನಿದ್ದಾಗ. ಬಿಸಿ ಅನ್ನ. ಅಷ್ಟು ಬೆಳ್ಳಗಿನ ಅನ್ನ ನಾನು ಕಂಡದ್ದೇ ಆಗ. ಬಾಚಿ ಬಾಯಿಗೆ ಹಾಕಿದೆ. ಕರಕ್. ಹಲ್ಲಿನ ಎಡೆಯಲ್ಲಿ ಉಗುರು. ನಾಲಗೆಗೆ ಕೂದಲು ಸುತ್ತಿಕೊಂಡಿತು. ಉಗುಳಲಿಕ್ಕೆ ಬಾಯಿ ತೆರೆದೆ. ಅಪ್ಪ ನನ್ನ ಬಾಯಿಯನ್ನು ಅಂಗೈಯಿಂದ ಒತ್ತಿ ಹಿಡಿದ. "ನುಂಗು. ನೋಡ್ತಾ ಇದ್ದಾರೆ." ನುಂಗಿದೆ. ನನ್ನ ಅಬ್ಬೆ ಅಂಥದ್ದನ್ನು ಉಂಡ ಮಳೆಗಾಲದಲ್ಲಿಯೇ ಸತ್ತಳು. ಗುತ್ತಿನ ರೋಗ ತೆಗೆದುಕೊಂಡು ಹೋದಳು ಎಂದರು. ಹಸಿವು ತೆಗೆದುಕೊಂಡು ಹೋಯಿತು ಎಂದು ನನ್ನ ಅಂದಾಜು.

"ನನಗೆ ಹೊಟ್ಟೆ ತುಂಬಿದೆ ಒಡೆಯ," ಎಂದೆ ರುಕ್ಮಯ್ಯನಿಗೆ. "ಇಕೊಳ್ಳಿ, ಬಾಟ್ಲಿಯಿಂದ ಉಣ್ಣಿಸ್ತಾ ಇದ್ದಾರೆ."

"ತಮಾಷೆ ಬೇಡ. ಉಣ್ಣು."

"ಇವರ ಒಂದು ಕಾಲು ನಿಮ್ಮ ಕೋಣಕ್ಕೆ ಕೊಟ್ಟಾಯಿತು," ಎಂದಳು ಅಮ್ಮಣಿ.

"ಹಾಗಾದರೆ ನೀನು ಉಣ್ಣು. ಯಾರು ಉಂಡರೂ ಆಗ್ತದೆ."

"ಉಣ್ಣುವುದಿಲ್ಲ."

"ಎಂತ?"

"ಉಣ್ಣುವುದಿಲ್ಲ. ಧಣಿಗಳ ರೋಗ ಧಣಿಗಳಿಗೇ ಇರಲಿ."

ವಾರ್ಡಿನ ಕಿಟಕಿಯಲ್ಲಿ ಮುಖಗಳು ಬಂದವು. ನಮ್ಮಲ್ಲಿ ಉಣ್ಣಲಿಕ್ಕೆ ಇಲ್ಲ ಎನ್ನುವ ಮಾತು ಇತ್ತು. ದಿನಾ ಇತ್ತು. ಉಣ್ಣುವುದಿಲ್ಲ ಎನ್ನುವ ಮಾತು ನಮ್ಮವರ ಬಾಯಲ್ಲಿ ನಾನು ಅದುವರೆಗೆ ಕೇಳಿರಲಿಲ್ಲ.

"ಅಸ್ಪೃಶ್ಯತೆ ಮಾಡಬಾರದು ಅಂತ ಕಾನೂನು ಬಂದಿದೆಯಂತೆ ಒಡೆಯ," ಎಂದೆ ಮೆಲ್ಲನೆ.

"ಕಾನೂನು ಮಂಗಳೂರಿಗೆ ಬಂದಿದೆ. ನಮ್ಮ ಗುಡ್ಡ ಹತ್ತಲಿಲ್ಲ ಇನ್ನೂ," ಎಂದ ರುಕ್ಮಯ್ಯ. "ನಿನ್ನ ಗುಡಿಸಲು ಯಾರ ಗುಡ್ಡದಲ್ಲಿ ಉಂಟು ಅಂತ ನೆನಪುಂಟಲ್ಲ?"

ಅವನು ಹೋದ ಮೇಲೆ ಅಮ್ಮಣಿ ಎಲೆಕಟ್ಟನ್ನು ಕಾಲಿನಿಂದ ಗೊಬ್ಬರದ ಗುಂಡಿಗೆ ದೂಡಿದಳು. ನಾಯಿ ಬಂದು ಮೂಸಿ ನೋಡಿತು. ತಿನ್ನಲಿಲ್ಲ.

ಮರುದಿನ ಮೊಯ್ದೀನ್ ಬಂದ. ನನ್ನ ಮುಖ ನೋಡದೆ ಸೌದೆಯ ಮೇಲೆ ಕೂತ.

"ಹೇಳು ಮೊಯ್ದೀನ್."

"ಬೆಂಕಿ ಹಾಕಿದರು ಮಾರಾಯ. ಹಗಲಲ್ಲೇ. ರುಕ್ಮಯ್ಯ ನಿಂತು ಹಾಕಿಸಿದ. ಬುಟ್ಟಿ, ಚಾಪೆ, ಮಡಕೆ ಎಂತದೂ ಉಳಿಯಲಿಲ್ಲ."

"ಡೋಲು?"

ಅವನು ತಲೆ ಬಗ್ಗಿಸಿದ. ಅದು ನನ್ನ ಅಜ್ಜನ ಡೋಲು. ಉರಿಯುವಾಗ ಚರ್ಮ ಒಡೆದು ಢಂ ಎಂದಿತಂತೆ. ಗುಡ್ಡದ ಬುಡದವರೆಗೆ ಕೇಳಿತಂತೆ.

ಅಮ್ಮಣಿ ಅಳಲಿಲ್ಲ. ಸೆರಗಿನಲ್ಲಿದ್ದ ಸಣ್ಣ ಕತ್ತಿ ತೆಗೆದು ಬಳ್ಳಿ ಸೀಳುತ್ತಾ ಕೂತಳು. ಚರ್, ಚರ್. ಸೌದೆ ರಾಶಿಯಷ್ಟು ಸೀಳಿದಳು. ಆ ದಿನ ಕಿಟಕಿಯವರು "ಅಣ್ಣು, ಒಂದು ಬಿಡು," ಎಂದರು. ನಾನು ಗೋಡೆಯ ಕಡೆಗೆ ತಿರುಗಿದೆ. ಆ ದಿನ ನನ್ನಲ್ಲಿ ಸುಳ್ಳು ಇರಲಿಲ್ಲ.

ಅದೇ ದಿನ ಡಾಕ್ಟರ್ ಗುತ್ತಿಗೆ ಹೋಗಿ ಧಣಿಯ ಬೆನ್ನು ನೋಡಿ ಬಂದಿದ್ದರು. ಇವತ್ತೇ ಆಸ್ಪತ್ರೆಗೆ ಬನ್ನಿ, ಬಾಟ್ಲಿಯ ಔಷಧಿಯೇ ಆಗಬೇಕು ಎಂದಿದ್ದರಂತೆ. ಮೊದಲು ಅಜಲು ಆಗಲಿ ಎಂದರಂತೆ ಧಣಿ. ಉಣ್ಣುವ ಕೊರಗನಿಗಾಗಿ ಆಳುಗಳು ಗುಡ್ಡ ಗುಡ್ಡ ಸುತ್ತಿದರು. ನಮ್ಮ ಗುಡಿಸಲಿನ ಹೊಗೆ ನೋಡಿ ಉಳಿದ ಕೊರಗರೆಲ್ಲ ಮೊದಲೇ ಕಾಡು ಹತ್ತಿದ್ದರು. ರುಕ್ಮಯ್ಯ ಹಾಕಿದ ಬೆಂಕಿಯೇ ಅವರನ್ನು ಓಡಿಸಿತ್ತು.

ಹಾಗಾಗಿ ಧಣಿ ಒಂದು ದಿನ ತಡವಾಗಿ ಬಂದರು. ಬಾಡಿಗೆ ಕಾರಿನಿಂದ ಕುರ್ಚಿಯಲ್ಲಿ ಕೂರಿಸಿ ಇಳಿಸಿದರು. ಬೆನ್ನು ಒರಗಿಸಲಿಕ್ಕೆ ಆಗದೆ ಮುಂದೆ ಬಾಗಿ ಕೂತಿದ್ದರು. ಅಂಗಿ ಇಲ್ಲ. ಬೆನ್ನಿನ ಕುರುವಿಗೆ ನಾಲ್ಕಾರು ಬಾಯಿ. ಎಲ್ಲ ಬಾಯಿಯಲ್ಲಿ ಕೀವು. ಸುತ್ತ ಕೆಂಪು ಹರಡಿತ್ತು. ನನ್ನ ಕಾಲಿನದ್ದೇ ಕೆಂಪು. ವಾರ್ಡಿಗೆ ಹೋಗುವ ಮೊದಲು ಕುರ್ಚಿಯನ್ನು ನಮ್ಮ ಅಂಗಳಕ್ಕೆ ತಂದರು. ರುಕ್ಮಯ್ಯನ ಕೈಯಲ್ಲಿ ಹೊಸ ಎಲೆಕಟ್ಟು ಇತ್ತು. ಕಟ್ಟಿನಿಂದ ಬಿಸಿ ಅನ್ನದ ಹೊಗೆ ಏಳುತ್ತಿತ್ತು. ಧಣಿಗೆ ಎರಡೂ ಬೇಕಿತ್ತು. ಅಜಲೂ ಬೇಕು, ಬಾಟ್ಲಿಯೂ ಬೇಕು.

ನರ್ಸ್ ಓಡಿ ಬಂದರು. "ಡಾಕ್ಟರ್ ವೇಣೂರಿಗೆ ಹೆರಿಗೆಗೆ ಹೋಗಿದ್ದಾರೆ. ಬರುವಾಗ ಸಂಜೆ ಆಗ್ತದೆ. ನಿಮಗೆ ಬಾಟ್ಲಿ ಹಾಕಲಿಕ್ಕೆ ನನಗೆ ಹೇಳಿ ಹೋಗಿದ್ದಾರೆ. ಆದರೆ ಕೊಳವೆ ಇಲ್ಲ."

"ಇಲ್ಲ ಅಂದರೆ?" ಎಂದ ರುಕ್ಮಯ್ಯ.

"ಇರುವುದು ಅಣ್ಣುವಿನ ಕೈಯಲ್ಲಿ ಉಂಟು. ಅವನ ಬಾಟ್ಲಿ ಈಗಷ್ಟೇ ಶುರು ಮಾಡಿದ್ದು."

"ತೆಗೆಯಿರಿ."

"ನಾನಾಗಿ ತೆಗೆಯುವುದಿಲ್ಲ. ಅವನ ಕಾಲು ಹೋದರೆ ಯಾರು ಉತ್ತರ ಕೊಡುವುದು? ಅವನೇ ತೆಗೆಯಿರಿ ಅಂದರೆ ತೆಗೆದು, ಕುದಿಸಿ, ಧಣಿಗಳಿಗೆ ಹಾಕ್ತೇನೆ."

"ಮಂಗಳೂರಿಗೆ ಕರ್ಕೊಂಡು ಹೋಗುವ ಹಾಗಾದರೆ."

"ಈ ಜ್ವರದಲ್ಲಿ ಆ ದಾರಿಯಲ್ಲಿ ಕುಲುಕಿದರೆ ಗುರುಪುರ ದಾಟುವುದಿಲ್ಲ ಅವರು."

ರುಕ್ಮಯ್ಯ ಎಲೆಕಟ್ಟನ್ನು ಅಂಗಳದಲ್ಲಿಟ್ಟು ಕೊಟ್ಟಿಗೆಗೆ ನುಗ್ಗಿದ. "ತೆಗಿಯೋ ಸೂಜಿ!"

ನನ್ನ ಕಾಲು ಸುಡುತ್ತಿತ್ತು. ಕೆಂಪು ಗೆರೆಯ ಬುಡದಲ್ಲಿತ್ತು. ಸೂಜಿ ತೆಗೆದರೆ ಅದು ದಾಟುತ್ತದೋ ಏನೋ. ನನಗೆ ಗುಡಿಸಲಿನ ಬೆಂಕಿ ಕಂಡಿತು. ಡೋಲಿನ ಸದ್ದು ಕೇಳಿತು. ನಾನು ಸೌದೆ ಸೀಳಿಗೆ ಕಟ್ಟಿದ್ದ ಕೈಯನ್ನು ಎತ್ತಿ ಅವನ ಮುಂದೆ ಚಾಚಿದೆ.

"ನೀವೇ ತೆಗೆಯಿರಿ ಒಡೆಯ."

ಅವನು ಕೈ ಮುಂದೆ ತಂದ. ಗೇಣು ದೂರದಲ್ಲಿ ನಿಂತಿತು. ನನ್ನನ್ನು ಮುಟ್ಟದೆ ಆ ಸೂಜಿ ತೆಗೆಯಲಿಕ್ಕೆ ಬರುವುದಿಲ್ಲ. ಹಿಂದೆ ಧಣಿ ನೋಡುತ್ತಿದ್ದಾರೆ. ಕಿಟಕಿಯ ತುಂಬ ಜನ ನೋಡುತ್ತಿದ್ದಾರೆ. ನಮ್ಮ ಗುಡಿಸಲಿಗೆ ಬೆಂಕಿ ಹಾಕಿದ ಕೈ. ಬೆಂಕಿಗೆ ಹೆದರಲಿಲ್ಲ, ನನ್ನ ಚರ್ಮಕ್ಕೆ ಹೆದರಿತು.

"ಮುಟ್ಟಿ ಒಡೆಯ. ಕೊರಗನ ಕೈಗೆ ಹಲ್ಲು ಇಲ್ಲ."

"ಏ ಹೆಣ್ಣೇ, ನೀನು ತೆಗಿ!" ಎಂದು ಅಮ್ಮಣಿಯ ಕಡೆ ತಿರುಗಿದ.

ಅಮ್ಮಣಿ ತಲೆ ಎತ್ತಲಿಲ್ಲ. "ನನ್ನ ಕೈಯಲ್ಲಿ ಕತ್ತಿ ಉಂಟು. ಬಿಡುವಿಲ್ಲ."

ಅವನಿಗೆ ಹುಚ್ಚು ಹಿಡಿಯಿತು. ಮೇಲೆ ನೋಡಿದ. ಬಾಟ್ಲಿ ಮುಟ್ಟಲಿಕ್ಕೆ ಅಡ್ಡಿಯಿಲ್ಲವಲ್ಲ. ಔಷಧಿ ಇರುವುದು ಅದರಲ್ಲಿ ತಾನೆ. ಬುಟ್ಟಿಯ ಕಟ್ಟು ಎಳೆದು ಬಿಚ್ಚಿ, ಬಾಟ್ಲಿಯನ್ನು ಎದೆಗೆ ಅವಚಿ, ನಾನು ಎತ್ತಿ ಹಿಡಿದಿದ್ದ ಕೈಗಿಂತ ಕೆಳಗೆ ಕುಕ್ಕರಗಾಲಿನಲ್ಲಿ ಕೂತು ಕೊಳವೆ ಕೀಳಲಿಕ್ಕೆ ಹೊರಟ.

"ಕೆಳಗೆ ಇಳಿಸಬೇಡಿ!" ನರ್ಸ್ ಕೂಗಿದರು.

ಕೊಳವೆಯೇ ಕೆಂಪು. ಹಾಗಾಗಿ ಮೊದಲು ಅವನಿಗೆ ಕಾಣಲಿಲ್ಲ. ಗಾಜಿನ ಗುಳ್ಳೆ ಕೆಂಪಾಯಿತು. ಆಮೇಲೆ ಬಾಟ್ಲಿಯ ಕೊರಳಿನಲ್ಲಿ ಒಂದು ಎಳೆ ಎದ್ದಿತು. ನೀರಿನಲ್ಲಿ ಎಲೆಅಡಿಕೆ ಉಗುಳಿದ ಹಾಗೆ ಹರಡಿತು. ನನ್ನ ರಕ್ತ ನನ್ನ ಕೈ ಬಿಟ್ಟು, ಕೊಳವೆ ಹಿಡಿದು, ರುಕ್ಮಯ್ಯನ ಎದೆಯವರೆಗೆ ನಡೆದುಕೊಂಡು ಹೋಯಿತು.

"ಅಯ್ಯಯ್ಯೋ! ಬಂತು, ಬಂತು!"

ಹಾವು ಹಿಡಿದವನ ಹಾಗೆ ಕೈ ದೂರ ಮಾಡಿ ಕೂತಲ್ಲೇ ಕುಣಿದ. ಬಿಸಾಡಲಿಕ್ಕೆ ಹೆದರಿಕೆ, ಹಿಡಿಯಲಿಕ್ಕೆ ಹೆದರಿಕೆ. ಅಮ್ಮಣಿ ಎದ್ದು ಹತ್ತಿರ ಹೋದಳು. ಅವಳು ಹತ್ತಿರ ಬಂದದ್ದಕ್ಕೇ ಅವನು ಬಿಟ್ಟ. ಅವಳು ಬಾಟ್ಲಿ ಹಿಡಿದು ಪಕ್ಕಾಸಿಗೆ ಕಟ್ಟಿದಳು. ರಕ್ತ ಮೆಲ್ಲ ಮೆಲ್ಲ ಇಳಿದು ನನ್ನೊಳಗೆ ಬಂತು.

ಆಗ ನನ್ನ ಬಾಯಿ ನನಗೆ ತಿರುಗಿ ಸಿಕ್ಕಿತು. ಕೊರಳು ಎತ್ತಿ ಅಂಗಳಕ್ಕೆ ಕೂಗಿದೆ.

"ಧಣಿ, ಯಾಕೆ ಹೆದರುತ್ತೀರಿ? ಇದು ನಿಮ್ಮದೇ ರಕ್ತ! ನಿಮ್ಮ ಉಗುರು ಉಂಡರೆ ನಿಮ್ಮ ರೋಗ ನನಗೆ ಬರ್ತದೆ ಅಲ್ಲವಾ? ಹಾಗಾದರೆ ನಿಮ್ಮ ಅಜ್ಜನ ಕೆಮ್ಮು ನನ್ನ ಅಜ್ಜ ಉಂಡ. ನಿಮ್ಮ ಅಮ್ಮನ ಜ್ವರ ನನ್ನ ಅಬ್ಬೆ ಉಂಡಳು. ನಿಮ್ಮ ಮನೆಯ ಸೀಕು ಇಡೀ ಇದರಲ್ಲಿ ಉಂಟು. ಬಾಟ್ಲಿಗೂ ಬಂದಿದೆ, ಕೊಳವೆಗೂ ಬಂದಿದೆ. ಇದೇ ಕೊಳವೆ ನಿಮ್ಮ ಕೈಗೆ ಬರ್ತದೆ. ಎಲ್ಲ ತಿರುಗಿ ಮನೆಗೆ ಬರ್ತದೆ ಧಣಿ! ಜಾಗ ಮಾಡಿ ಇಡಿ!"

ಕಿಟಕಿಯಲ್ಲಿ ಒಬ್ಬನೂ ನಗಲಿಲ್ಲ. ಧಣಿಯ ಮುಖ ಬೂದಿಯಾಯಿತು. ನಾನು ಹೇಳಿದ್ದು ಮೊಸಳೆಯಷ್ಟೇ ನಿಜ. ಆದರೆ ಅದನ್ನು ನಂಬದೆ ಇರಲಿಕ್ಕೆ ಅವರಿಗೆ ಆಗುವುದಿಲ್ಲ. ನಂಬುವುದಿಲ್ಲ ಎಂದರೆ ಎಲೆಕಟ್ಟು ಯಾಕೆ ತಂದರು?

"ಅಣ್ಣು," ಎಂದರು ಧಣಿ. ಸ್ವರ ಇರಲಿಲ್ಲ. "ನಾನು ನಿನ್ನ ಧಣಿ."

"ಹೌದು ಧಣಿ. ಅದಕ್ಕೇ ನಿಮ್ಮ ಸೀಕಿಗೆಲ್ಲ ನಮ್ಮ ಗುರುತು ಉಂಟು."

"ನನಗೆ ಸಾಯಲಿಕ್ಕೆ ಮನಸ್ಸಿಲ್ಲ ಮಾರಾಯ. ಸೂಜಿ ಬಿಡು. ನರ್ಸಮ್ಮ ಕುದಿಸಿ ಹಾಕಲಿ."

ಮಾರಾಯ. ನನ್ನನ್ನು ಮಾರಾಯ ಎಂದರು. ನಾನು ಅಮ್ಮಣಿಯ ಮುಖ ನೋಡಿದೆ. ಅಮ್ಮಣಿ ಎದ್ದು ಅಂಗಳದಲ್ಲಿದ್ದ ಎಲೆಕಟ್ಟಿನ ಹತ್ತಿರ ಹೋದಳು. ಕತ್ತಿಯ ತುದಿಯಿಂದ ಬಾಳೆನಾರು ಕೊಯ್ದಳು. ಎಲೆ ತೆರೆದುಕೊಂಡಿತು. ಬೆಳ್ಳಗಿನ ಅನ್ನ. ನಡುವೆ ಕಪ್ಪು ಕೂದಲು. ಅವಳು ಒಂದು ಸೌದೆ ಕೋಲು ತೆಗೆದು ಎಲೆಯನ್ನು ಧಣಿಯ ಕುರ್ಚಿಯ ಬುಡಕ್ಕೆ ದೂಡಿದಳು. ನಮಗೆ ಹೇಗೆ ದೂಡುತ್ತಾರೋ ಹಾಗೆಯೇ.

"ಉಣ್ಣಿ," ಎಂದಳು. "ನಾವು ಇಡೀ ಎಲೆ ಉಣ್ಣುತ್ತಿದ್ದೆವು. ನಿಮಗೆ ಒಂದು ತುತ್ತು ಸಾಕು. ಉಂಡರೆ ಇವರು ಸೂಜಿ ಬಿಡ್ತಾರೆ."

"ಏ!" ರುಕ್ಮಯ್ಯ ಕೋಲು ಎತ್ತಿದ. "ಕೊಚ್ಚಿ ಹಾಕ್ತೇನೆ!"

"ಕೊಚ್ಚು," ಎಂದಳು ಅಮ್ಮಣಿ. "ಇವರು ಸತ್ತರೆ ಸೂಜಿ ತೆಗೆಯಲಿಕ್ಕೆ ಹೆಣ ಮುಟ್ಟಬೇಕು. ಅದು ಇನ್ನೂ ದೊಡ್ಡ ಮೈಲಿಗೆ ಅಲ್ಲವಾ?"

ಕಿಟಕಿಯಲ್ಲಿ ಯಾರೋ ಫಕ್ಕನೆ ನಕ್ಕರು. ಧಣಿ ಕೈ ಎತ್ತಿದರು. ರುಕ್ಮಯ್ಯ ಕೋಲು ಇಳಿಸಿದ.

"ಉಗುರು ನಿಮ್ಮದೇ ಧಣಿ," ಎಂದೆ. "ಕೂದಲೂ ನಿಮ್ಮದೇ. ಮೈಲಿಗೆ ಎಂತದು? ನಿಮ್ಮದು ನಿಮಗೆ."

ಧಣಿ ಬಾಗಿದರು. ಮೊದಲೇ ಬಾಗಿದ್ದರು, ಇನ್ನೂ ಬಾಗಿದರು. ಬೆನ್ನಿನ ಕುರು ಸೋರಿ ಪಕ್ಕೆಗೆ ಇಳಿಯಿತು. ಎಡಗೈ ನೆಲಕ್ಕೆ ಊರಿ, ಬಲಗೈಯಲ್ಲಿ ಅನ್ನ ಒಟ್ಟು ಮಾಡಿದರು. ಬೆರಳಲ್ಲಿ ಕೂದಲು ಹೆಕ್ಕಿ ಬದಿಗಿಡಲಿಕ್ಕೆ ನೋಡಿದರು.

"ಹೆಕ್ಕಬಾರದು," ಎಂದಳು ಅಮ್ಮಣಿ. "ನಮಗೆ ಹೆಕ್ಕಲಿಕ್ಕೆ ಬಿಡುತ್ತಿರಲಿಲ್ಲ."

ತುತ್ತು ಬಾಯಿಗೆ ಹೋಯಿತು. ದವಡೆ ಅಲ್ಲಾಡಿತು.

ಕರಕ್.

ಆ ಸದ್ದು ಕೊಟ್ಟಿಗೆಯವರೆಗೆ ಬಂತು. ನನಗೆ ಗುರುತಿನ ಸದ್ದು. ಧಣಿಯ ಕಣ್ಣು ಹೊರಗೆ ಬಂತು. ಉಗುಳಲಿಕ್ಕೆ ಬಾಯಿ ತೆರೆದರು.

"ನುಂಗಿ ಧಣಿ," ಎಂದೆ. "ನೋಡ್ತಾ ಇದ್ದೇವೆ."

ನುಂಗಿದರು. ಗಂಟಲು ಮೇಲೆ ಕೆಳಗೆ ಆದದ್ದನ್ನು ನಾನು ಕಣ್ಣಾರೆ ಕಂಡೆ. ನರ್ಸ್ ಕಾಂತಿಯ ಕಡೆ ಕೈ ಚಾಚಿದೆ. "ತೆಗೆಯಿರಿ ಅಮ್ಮ."

ಕುದಿಸಿದರು. ಧಣಿಗೆ ಚುಚ್ಚಿದರು. ಸಂಜೆ ಡಾಕ್ಟರ್ ಬಂದವರು ಎಲ್ಲರಿಗೂ ಬೈದರು. ಧಣಿಯ ಕುರು ಕೊಯ್ದು, ಮತ್ತೆ ಅದೇ ಕೊಳವೆ ಕುದಿಸಿ ನನಗೆ ಚುಚ್ಚಿದರು. ಹೊಸ ಕೊಳವೆ ಬರುವವರೆಗೆ ಹಾಗೆಯೇ ನಡೆಯಿತು. ಒಂದು ಹೊತ್ತು ನನಗೆ, ಒಂದು ಹೊತ್ತು ಧಣಿಗೆ. ಕುದಿಯುವ ನೀರಿನ ಸದ್ದು ಕೇಳಿದಾಗಲೆಲ್ಲ ವಾರ್ಡಿನಿಂದ ಧಣಿಯ ನರಳಾಟ ಕೇಳುತ್ತಿತ್ತು. "ಸರಿ ಕುದಿಸಿ ಅಮ್ಮ. ಇನ್ನೂ ಸ್ವಲ್ಪ ಕುದಿಸಿ."

ನಾನು ಗೋಡೆಯ ಈಚೆಯಿಂದ ಕೂಗುತ್ತಿದ್ದೆ. "ಎಷ್ಟು ಕುದಿಸಿದರೂ ಉಗುರು ಬೇಯುವುದಿಲ್ಲ ಧಣಿ!"

ಕೆಂಪು ಗೆರೆ ದಾಟಲಿಲ್ಲ. ಒಂದು ಬೆಳಿಗ್ಗೆ ನೋಡಿದರೆ ಗೆರೆ ಬಿಟ್ಟು ಕೆಳಗೆ ಇಳಿದಿತ್ತು. ಕಾಲು ಉಳಿಯಿತು. ಕುಂಟು ಉಳಿಯಿತು. ಈಗ ನಾವು ಗುತ್ತಿನ ಗುಡ್ಡದಲ್ಲಿ ಇಲ್ಲ. ಮೊಯ್ದೀನನ ಎತ್ತಿನ ಹಟ್ಟಿಯ ಪಕ್ಕ ಒಂದು ಮಾಡು ಇಳಿಸಿಕೊಂಡಿದ್ದೇವೆ. ಗುತ್ತಿನ ಊರಿನ ಕಂಬಳದಲ್ಲಿ ಈಗ ಕೊರಗರು ಓಡುವುದಿಲ್ಲ. ಕರೆಯಲಿಕ್ಕೆ ರುಕ್ಮಯ್ಯ ಒಮ್ಮೆ ಬಂದಿದ್ದ. ನೀನು ಮೊದಲು ಓಡು, ನಾವು ಬದುವಿನಲ್ಲಿ ನಿಂತು ತೋರಿಸ್ತೇವೆ ಎಂದು ನಮ್ಮ ಹೆಂಗಸರು ಹೇಳಿ ಕಳಿಸಿದರು. ಗುತ್ತಿನಿಂದ ಎಲೆಕಟ್ಟು ಬರುವುದೂ ನಿಂತಿದೆ.

ಧಣಿ ಸಾಯಲಿಲ್ಲ. ಸಾಯಬೇಕು ಎಂದು ನಾನು ಬೇಡಿಕೊಂಡಿದ್ದೆ. ಈಗ ಬದುಕಿದ್ದೇ ಒಳ್ಳೆಯದಾಯಿತು ಎನ್ನಿಸುತ್ತದೆ. ಸಂತೆಗೆ ಬುಟ್ಟಿ ಹೊತ್ತುಕೊಂಡು ಹೋಗುವಾಗ ಒಮ್ಮೊಮ್ಮೆ ಎದುರು ಸಿಗುತ್ತಾರೆ. ನಾನು ದಾರಿ ಬಿಟ್ಟು ಇಳಿಯುವುದಿಲ್ಲ. ನಡು ದಾರಿಯಲ್ಲಿ ನಿಂತು ಹಲ್ಲು ಬಿಟ್ಟು ನಗುತ್ತೇನೆ. ಅವರ ಬಾಯಿ ಮುಚ್ಚಿದ್ದ ಹಾಗೆಯೇ ಕೆನ್ನೆಯ ಒಳಗೆ ನಾಲಗೆ ಓಡಾಡುವುದು ಹೊರಗೆ ಕಾಣುತ್ತದೆ. ಈ ಹಲ್ಲು, ಆ ಹಲ್ಲು, ಮತ್ತೆ ಈ ಹಲ್ಲು. ಹುಡುಕುತ್ತಾರೆ. ಇನ್ನೂ ಸಿಗಲಿಲ್ಲ ಅವರಿಗೆ.